ಙ ಬಂದರೆ ಗ

ನವೆಂಬರ್ ೧೦, ಸೋಮವಾರ

ಬೇಲೂರಿನ ಕಾಲೇಜಿನವರು ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಬಗ್ಗೆ ಸ್ವಲ್ಪ ಹೇಳಿ." ಹಳಗನ್ನಡ ಕೇಳುತ್ತಾರೆಂದು ಓದಿಕೊಂಡು ಹೋಗಿದ್ದೆ. ಛಂದಸ್ಸು ಕೇಳಿದ್ದರೂ ನಡೆಯುತ್ತಿತ್ತು. ನನ್ನ ಬಗ್ಗೆ ಮಾತ್ರ ಏನೂ ತಯಾರಿ ಇರಲಿಲ್ಲ. "ಸಿದ್ಧಾರ್ಥ, ಅರಸೀಕೆರೆ, ಎಂ.ಎ. ಕನ್ನಡ" ಎಂದೆ. ಅಷ್ಟು ಅವರ ಮುಂದಿದ್ದ ಅರ್ಜಿಯಲ್ಲೇ ಇತ್ತು. ಮುಂದಿನ ಮಾತಿಗೆ ಅವರು ಕಾದರು, ನಾನೂ ಕಾದೆ. ಕೊನೆಗೆ ಅವರೇ ಸೋತು "ತಿಳಿಸ್ತೀವಿ" ಎಂದರು.

ಬರುವಾಗ ರೈಲ್ವೆ ಗೇಟಿನ ಹತ್ತಿರ ಇಳಿಯಬೇಕಿತ್ತು. "ನಿಲ್ಸಿ" ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿದ್ದವರು ಆಕಳಿಕೆ ಅಂದುಕೊಂಡು ತಾವೂ ಒಂದು ಆಕಳಿಸಿದರು. ಬಸ್ಸು ಗೇಟು ದಾಟಿತು. ಬಸ್ ಸ್ಟ್ಯಾಂಡಿನಿಂದ ಹಿಂದಕ್ಕೆ ನಡೆದುಕೊಂಡು ಬಂದೆ.

"ಏನ್ಲಾ, ಏನ್ ಕೇಳುದ್ರು?" ಎಂದಳು ಅವ್ವ.

"ಸುಮಾರಾಗಿ ಕೇಳಿದ್ರು."

"ನೀನೇನ್ ಹೇಳ್ದೆ?"

"ಸುಮಾರಾಗಿ ಹೇಳ್ದೆ."

ಅಪ್ಪ ಪೇಪರಿನ ಹಿಂದಿನಿಂದ, "ಸುಮಾರಾಗಿಯಾದ್ರೂ ಹೇಳಿದ್ರೆ ಪುಣ್ಯ" ಎಂದ.

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಜೋಯಿಸರಮ್ಮ ಕರೆದರು. "ಸಿದ್ಧಾರ್ಥ, ನೀನು ಕಂಪ್ಯೂಟರ್ ಓದಿದೀಯಲ್ಲ?"

"ಕನ್ನಡ ಓದಿದೀನಿ ಅಮ್ಮ."

"ಇನ್ನೂ ಒಳ್ಳೇದಾಯ್ತು. ಅದು ಕನ್ನಡದಲ್ಲೇ ಬೈತಾ ಇದೆ, ಬಾ."

ಹೋಗಿ ನೋಡಿದರೆ ಜಾತಕ ಬರೆಯುವ ಸಾಫ್ಟ್‌ವೇರ್ ಕೆಂಪು ಚೌಕದೊಳಗೆ ಹೀಗೆ ಹೇಳುತ್ತಿತ್ತು: "ಗಣಕಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾಗಿದೆ. ತಮ್ಮ ಪರವಾನಗಿಯನ್ನು ಅಮಾನತಿನಲ್ಲಿಡಲಾಗಿದೆ." ಭಾಷೆ ಶುದ್ಧವಾಗಿತ್ತು. ಅಮಾನತಾದ ಸರ್ಕಾರಿ ನೌಕರನನ್ನು ನೋಡುವಂತೆ ಜೋಯಿಸರಮ್ಮ ಅದನ್ನು ನೋಡುತ್ತಿದ್ದರು.

ಇದನ್ನು ಕೊಂಡವರು ಅವರ ಯಜಮಾನರು, ನಾಣಿ ಜೋಯಿಸರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಹಾರನಹಳ್ಳಿಯಿಂದ ಹಳೇಬೀಡಿನವರೆಗೆ ಜನ ಈಗಲೂ ಬರುತ್ತಾರೆ. ಜೋಯಿಸರಮ್ಮ ಕೀಲಿಮಣೆ ಒತ್ತುತ್ತಾರೆ, ಪ್ರಿಂಟ್ ಬರುತ್ತದೆ. ಪ್ರತಿ ಹಾಳೆಯ ಅಡಿಯಲ್ಲಿ "ಜ್ಯೋತಿಷ ವಿದ್ವಾನ್ ಎಚ್. ನಾರಾಯಣ ಜೋಯಿಸ" ಎಂದು ಅಚ್ಚಾಗುತ್ತದೆ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರ ಹೆಸರನ್ನು ಅದು ತಾನಾಗಿಯೇ ಹಾಕಿಕೊಳ್ಳುತ್ತದಂತೆ.

ಜಗುಲಿಯಲ್ಲಿ ಹಾರನಹಳ್ಳಿಯ ಜವರಪ್ಪ ಒಂದು ಚೀಲ ಅವರೆಕಾಯಿ ಇಟ್ಟುಕೊಂಡು ಕೂತಿದ್ದರು. ಮಗಳು ಮಂಜುಳಾಗೆ ಹಳೇಬೀಡಿನ ಗಂಡು ಗೊತ್ತಾಗುವಂತಿದೆ. ಹುಡುಗ ಹುಡುಗಿ ಒಪ್ಪಿಯಾಗಿದೆ. ಹುಡುಗನ ತಾತ ಗಂಗಯ್ಯನವರು ಮಾತ್ರ ಈ ಮನೆಯ ಪ್ರಿಂಟ್ ಬಾರದೆ ಎಲೆ ಅಡಿಕೆ ಮುಟ್ಟುವುದಿಲ್ಲ ಎಂದಿದ್ದಾರೆ. ಬೇರೆ ಕಡೆಯ ಹೆಣ್ಣೂ ನೋಡುತ್ತಿದ್ದಾರಂತೆ.

"ಜವರಪ್ಪ, ಕೈಯಲ್ಲೇ ಲೆಕ್ಕ ಹಾಕಿ ಬರೆದುಕೊಡ್ತೀನಿ, ಆಗಲ್ವಾ?" ಎಂದರು ಜೋಯಿಸರಮ್ಮ.

"ಕೈಬರ ಯಾರ್ ನಂಬ್ತಾರೆ ಕಣವ್ವ. ಕಂಪ್ಯೂಟ್ರೇ ಹೇಳ್ಬೇಕು. ಜೋಯಿಸ್ರು ಹೋದ್ರೂ ಅವರ ಇದ್ಯೆ ಎಲ್ಲಾ ಅದ್ರೊಳಗೇ ಐತಲ್ಲ."

ಜೋಯಿಸರಮ್ಮ ನನಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟರು. "ತೊಳೆಯೋ ಕೆಲಸ ಇರಲ್ಲ ನೋಡು" ಎಂದರು. ಕಾಫಿ ಚೆನ್ನಾಗಿತ್ತು.

ನವೆಂಬರ್ ೧೫, ಶನಿವಾರ

ಗಡಿಯಾರ ತಿರುಗಿಸಿದ್ದು ವೈರಸ್ ಇರಬಹುದೆಂದು ನಾನು ವಿವರಿಸುತ್ತಿದ್ದೆ. ಜೋಯಿಸರಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ವೈರಸ್ ಅಲ್ಲ ಕಣೋ, ನಾನೇ" ಎಂದರು.

ಜಾತಕದ ತಲೆಯಲ್ಲಿ ಅದನ್ನು ಬರೆದ ವೇಳೆಯೂ ಅಚ್ಚಾಗುತ್ತದೆ. ಶುಕ್ರವಾರ ಹಳ್ಳಿಯ ಬಸ್ಸುಗಳು ಬರುವುದೂ ರಾಹುಕಾಲ ಹಿಡಿಯುವುದೂ ಒಂದೇ ಹೊತ್ತಿಗೆ. ರಾಹುಕಾಲದಲ್ಲಿ ಬರೆದ ಜಾತಕವನ್ನು ಯಾರೂ ಮುಟ್ಟುವುದಿಲ್ಲ. "ಮಗು ಕಟ್ಟಿಕೊಂಡು ಬಂದಿರ್ತಾರೆ. ಒಂದೂವರೆ ಗಂಟೆ ಜಗುಲೀಲಿ ಕೂರಿಸೋಕೆ ಮನಸ್ಸು ಬರುತ್ತೇನೋ? ಗಡಿಯಾರ ಸ್ವಲ್ಪ ಹಿಂದಕ್ಕೆ ಇಟ್ಟು ಬರೆದುಕೊಟ್ಟು, ಆಮೇಲೆ ಮುಂದಕ್ಕೆ ಇಡ್ತಿದ್ದೆ. ರಾಹುವೂ ಏನೂ ಅಂದಿರಲಿಲ್ಲ. ಈ ಕಂಪನಿಯವರಿಗೆ ಏನು ಕಷ್ಟವೋ."

ಈಚೆಗೆ ಸಾಫ್ಟ್‌ವೇರ್ ಇಂಟರ್‌ನೆಟ್ಟಿನಲ್ಲಿ ವೇಳೆ ನೋಡಿಕೊಳ್ಳುವುದನ್ನು ಕಲಿತಿದೆ. ಪರವಾನಗಿಯ ಅವಧಿ ಮುಗಿಯದಿರಲೆಂದು ಯಾರೋ ಗಡಿಯಾರ ಹಿಂದಿಟ್ಟು ಮೋಸ ಮಾಡುತ್ತಿದ್ದಾರೆಂದು ಅದು ತಿಳಿದುಕೊಂಡಿದೆ.

ಕಂಪನಿಗೆ ಫೋನ್ ಮಾಡಬೇಕಾಯಿತು. ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. "ನಮಸ್ಕಾರ" ಎಂಬುದನ್ನೂ ಬರೆದುಕೊಂಡಿದ್ದೆ. ಹತ್ತೂವರೆಯವರೆಗೆ ರಾಹುಕಾಲವಿದ್ದದ್ದು ಒಳ್ಳೆಯದೇ ಆಯಿತು, ಓದಿಕೊಳ್ಳಲು ಹೊತ್ತು ಸಿಕ್ಕಿತು.

"ಕಂಪನಿಗೆ ಹೇಳುವಾಗ ನಾಣಿ ಅನ್ನಲಾ ಅಮ್ಮ, ನಾರಾಯಣ ಅನ್ನಲಾ?"

ಯಜಮಾನರ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ. "ನೀನು ಎರಡನೇದು ಹೇಳಿದೆಯಲ್ಲ, ಅದು. ಮುಂದೆ ಊರಿನ ಅಕ್ಷರ."

ಫೋನ್ ತೆಗೆದವರು ಮಹಾಂತೇಶ್ ಎಂಬುವರು. ಕಂಪನಿ ಹುಬ್ಬಳ್ಳಿ ಕಡೆಯದು. "ಲಾಕ್ ತಗೀಬೇಕಂದ್ರ ಮಾಲಕರ ಮಾತಾಡಬೇಕ್ರಿ. ನಾರಾಯಣ ಜೋಯಿಸರು ಅದಾರೇನ್ರಿ?"

ನನ್ನ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತೀರಿಕೊಂಡರು ಎಂಬ ಪದ ಬಾಯಿಗೆ ಬಂತು. ಜೋಯಿಸರಮ್ಮ ಎದುರಿಗೇ ನಿಂತು ನನ್ನ ಮುಖ ನೋಡುತ್ತಿದ್ದರು. "ಈಗ ಇಲ್ಲ" ಎಂದೆ.

"ಯಾವಾಗ ಬರತಾರ್ರಿ?"

"ಸೋಮವಾರ" ಎಂದುಬಿಟ್ಟೆ.

ಮನೆಗೆ ಬಂದು ಹೇಳಿದರೆ ಅಪ್ಪ ಪೇಪರ್ ಕೆಳಗಿಟ್ಟು ನಕ್ಕ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತನಾದ ಮನುಷ್ಯ, ಅಷ್ಟು ಸುಲಭಕ್ಕೆ ನಗುವವನಲ್ಲ. "ಸತ್ತೋರ್ನ ಸೋಮ್ವಾರ ಬಾ ಅಂದಿದೀಯಾ? ನಾಣಿ ಜೋಯಿಸ್ರು ಬದುಕಿದ್ದಾಗ್ಲೇ ಹೇಳಿದ್ ದಿನ ಬತ್ತಿರ್ಲಿಲ್ಲ." ಆಮೇಲೆ, "ರಾಹುಕಾಲ ಅಂತ ಒಂದಿನ ಗಾಡಿ ನಿಲ್ಸಿಲ್ಲ ನಾವು. ನೀನು ಬುದ್ಧನ್ ಮನೇಲಿ ಹುಟ್ಟಿ ಹೋಗಿ ಹೋಗಿ ಜಾತಕ ರಿಪೇರಿ ಮಾಡ್ತಾ ಇದೀಯ" ಎಂದ.

"ಜಾತಕ ಅಲ್ಲ, ಲೈಸೆನ್ಸು" ಎಂದೆ.

ನವೆಂಬರ್ ೧೬, ಭಾನುವಾರ

ಮೊಬೈಲ್ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗ ಧರ್ಮೇಶ್ ಇದೇ ಸಾಫ್ಟ್‌ವೇರಿನ ಕಳ್ಳಪ್ರತಿ ಹಾಕಿಕೊಡುತ್ತೇನೆಂದ. ಬೇಕಾದ ಹೆಸರು ಅಡಿಯಲ್ಲಿ ಬರುತ್ತದಂತೆ, ಗಡಿಯಾರದ ರಗಳೆಯೂ ಇಲ್ಲ. ಜೋಯಿಸರಮ್ಮನಿಗೆ ಹೇಳಿದೆ.

"ಕದ್ದ ಪಂಚಾಂಗದಲ್ಲಿ ಮುಹೂರ್ತ ಇಡೋದಾ? ಸುಮ್ಮನಿರು" ಎಂದರು.

ಗಡಿಯಾರ ಹಿಂದಿಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳೋಣವೆನಿಸಿತು. ಕೇಳಲಿಲ್ಲ.

ನವೆಂಬರ್ ೧೭, ಸೋಮವಾರ

ನಾನು ಇವತ್ತು ನಾಣಿ ಜೋಯಿಸನಾಗಿದ್ದೆ.

ಬೇರೆ ದಾರಿ ಹೊಳೆಯಲಿಲ್ಲ. ಒಂಬತ್ತಕ್ಕೆ ರಾಹುಕಾಲ ಮುಗಿಯಿತು. "ಅವರು ಫೋನಲ್ಲಿ ಹೇಗೆ ಮಾತಾಡ್ತಿದ್ರು ಅಮ್ಮ?" ಎಂದು ಕೇಳಿದೆ.

"ಮೊದಲು ಕೆಮ್ಮೋರು."

ಕೆಮ್ಮಿದೆ. "ಇನ್ನೂ ಗತ್ತಾಗಿ" ಎಂದರು. ಗತ್ತಾಗಿ ಕೆಮ್ಮಿದೆ. ಫೋನಿನ ಆ ತುದಿಯಲ್ಲಿ ಮಹಾಂತೇಶ್ ಎದ್ದು ನಿಂತಿರಬೇಕು, ಕುರ್ಚಿಯ ಸದ್ದು ಕೇಳಿಸಿತು. "ನಮಸ್ಕಾರ್ರಿ ಜೋಯಿಸರ! ಆರಾಮ ಅದೀರೇನ್ರಿ?"

ಗಡಿಯಾರದ ವಿಷಯ ಹೇಳಿದೆ. ಅವರು ಗುರುತಿನ ಚೀಟಿಯ ಫೋಟೊ ಕಳಿಸಲು ಹೇಳಿದರು, ಮೇಲಿನವರು ಒಪ್ಪಬೇಕಂತೆ. ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, "ಜೋಯಿಸರ, ಸಿಟ್ಟ ಆಗಬ್ಯಾಡ್ರಿ, ನಂದೊಂದ್ ಸ್ವಂತದ ಪ್ರಶ್ನಿ ಐತ್ರಿ" ಎಂದರು.

ಅವರಿಗೆ ಹೆಣ್ಣುಮಗು ಹುಟ್ಟಿದೆ. ಆರಿದ್ರಾ ನಕ್ಷತ್ರ, ಮೂರನೇ ಪಾದ. ಯಾವ ಅಕ್ಷರದಿಂದ ಹೆಸರಿಡಬೇಕೆಂದು ಅವರ ಕಂಪನಿಯ ಸಾಫ್ಟ್‌ವೇರನ್ನೇ ಕೇಳಿದ್ದಾರೆ. ಅದು ಹೇಳಿರುವ ಅಕ್ಷರ: ಙ.

"ಙ ಅಂತ ಯಾವ ಹೆಸರು ಐತ್ರಿ? ನಮ್ಮಾಕಿ ಅಂತೂ, ನಿಮ್ಮ ಕಂಪನಿಯವರಿಗೆ ತಲಿ ಐತೇನು ಅಂತ ದಿನಾ ಬೈಯಾಕತ್ತಾಳ್ರಿ. ಕೂಸಿಗೆ ಇನ್ನೂ ಹೆಸರ ಇಟ್ಟಿಲ್ಲ, ಕೂಸು ಅಂತನ ಕರಿಯಾಕತ್ತೀವಿ."

ಎಂ.ಎ. ತರಗತಿಯಲ್ಲಿ ನನ್ನ ಅಡ್ಡಹೆಸರು ಙ. ವರ್ಣಮಾಲೆಯಲ್ಲಿ ಜಾಗವಿದೆ, ಅದರಿಂದ ಮಾತು ಶುರುವಾಗುವುದಿಲ್ಲ ಎಂದು ಗೆಳೆಯರು ಇಟ್ಟದ್ದು. ಆ ಅಕ್ಷರದ ಬಗ್ಗೆ ನನಗೆ ತಿಳಿದದ್ದು ಅಷ್ಟೇ. ಕೆಮ್ಮಿ ಕಾಲ ಕಳೆದೆ. ಅಷ್ಟರಲ್ಲಿ ಕಿವಿಯ ಹತ್ತಿರ ಜೋಯಿಸರಮ್ಮನ ಪಿಸುಮಾತು ಬಂತು. "ಙ ಬಂದರೆ ಗ. ಞ ಬಂದರೆ ಜ. ಣ ಬಂದರೆ ಡ. ಶ್ಲೋಕ ಇದೆ ಅನ್ನು."

"ಶ್ಲೋಕ ಇದೆಯಪ್ಪ" ಎಂದೆ, ನಾಣಿ ಜೋಯಿಸರ ಗಂಟಲಿನಲ್ಲಿ. "ಙ ಬಂದರೆ ಗ ಹಿಡಿಯಬೇಕು."

"ಗಿರಿಜಾ, ಗೌರಿ, ಯಾವುದಾದ್ರೂ ಆಗುತ್ತೆ. ಸಾಫ್ಟ್‌ವೇರಿಗೆ ಅಕ್ಷರ ಗೊತ್ತು, ಬಾಯಿ ತಿರುಗದೇ ಇರೋದು ಗೊತ್ತಿಲ್ಲ ಅನ್ನು."

ಹಾಗೆಯೇ ಅಂದೆ. ಮಹಾಂತೇಶ್ ಬಹಳ ಹೊತ್ತು ನಕ್ಕರು. ನಕ್ಕದ್ದರಲ್ಲಿ ಅಳುವೂ ಸ್ವಲ್ಪ ಇತ್ತೆಂದು ತೋರಿತು. ಮಗುವಿನ ಹಾಲು, ನಿದ್ದೆ, ಅತ್ತೆ ಸೊಸೆಯ ಮಾತು ಎಲ್ಲವೂ ಬಂದವು. ಎಲ್ಲಕ್ಕೂ ಕಿವಿಯಲ್ಲಿ ಉತ್ತರ ಬರುತ್ತಿತ್ತು, ನಾನು ದನಿ ಕೊಡುತ್ತಿದ್ದೆ.

ಫೋನ್ ಇಟ್ಟಮೇಲೆ, "ಅಷ್ಟು ಬೇಗ ಹೇಗೆ ಹೊಳೆಯುತ್ತೆ ಅಮ್ಮ?" ಎಂದೆ.

"ಅಭ್ಯಾಸ" ಎಂದರು. ಆಮೇಲೆ ಒಳಬಾಗಿಲು ತೋರಿಸಿ, "ನಮ್ಮ ಯಜಮಾನರಿಗೂ ಹೀಗೇ ಹೇಳ್ತಿದ್ದೆ. ಆ ಬಾಗಿಲ ಹಿಂದೆ ನಿಂತು."

ಅವರ ತಂದೆ ಹಾರನಹಳ್ಳಿಯಲ್ಲಿ ಪಂಚಾಂಗ ಗುಣಿಸುತ್ತಿದ್ದವರು. ಗಂಡುಮಕ್ಕಳು ಆಡಲು ಹೋಗುತ್ತಿದ್ದರು, ಪಕ್ಕದಲ್ಲಿ ಕೂತು ಕಲಿತವರು ಇವರು. ಮದುವೆಯಾದ ಮೇಲೆ ಲೆಕ್ಕ ಇವರದು, ಮಾತು ಯಜಮಾನರದು. "ಅವರಿಗೆ ಗಂಟಲಿತ್ತು, ನನಗೆ ಗಣಿತ ಇತ್ತು. ಸಂಸಾರ ಚೆನ್ನಾಗೇ ನಡೀತು. ಇದನ್ನ ಕೊಳ್ಳುವಾಗ ಯಾರ ಹೆಸರು ಹಾಕಲಿ ಅಂತ ಅಂಗಡಿಯವನು ಕೇಳಿದ. ಇವರು ನನ್ನ ಮುಖ ನೋಡಿದರು. ನಿಮ್ಮದೇ ಹಾಕಿಸಿ ಅಂದೆ. ಹೆಂಗಸು ಬರೆದ ಜಾತಕ ಅಂದ್ರೆ ಒಬ್ಬನೂ ಮೆಟ್ಟಿಲು ಹತ್ತಲ್ಲ. ನೀನು ಎಲ್ಲೂ ಹೇಳಬೇಡ."

ಗುರುತಿನ ಚೀಟಿ ಕಳಿಸಲು ಒಪ್ಪಲಿಲ್ಲ. "ಮಾತಾಡಿದ್ದೇ ಹೆಚ್ಚಾಯ್ತು. ಅವರ ಮುಖ ಬೇರೆ ಕಳಿಸಿ ಸುಳ್ಳು ಹೇಳಲಾರೆ."

ಕಾಗದದ ಲೋಟ ಮುಗಿದಿದ್ದವೇನೋ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಬೆರಳು ಸುಟ್ಟಿತು. ಮನೆಯಲ್ಲಿ ಬೆರಳಿಗೆ ಊದಿಕೊಳ್ಳುತ್ತಿದ್ದಾಗ ಅವ್ವ ಏನಾಯಿತೆಂದು ಕೇಳಿದಳು. ಹೇಳಿದೆ. "ಅವರು ಕುಡಿಯೋ ಲೋಟ್ದಲ್ಲೇನ್ಲಾ?" ಎಂದಳು. ಇರಬೇಕು ಎಂದೆ. ಅಪ್ಪ ಅವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಟ್ಟದ್ದಕ್ಕೆ ಯಾರೂ ಏನೂ ಹಚ್ಚಲಿಲ್ಲ.

ನವೆಂಬರ್ ೧೯, ಬುಧವಾರ

ಬೇಲೂರಿನಿಂದ ಉತ್ತರ ಬಂತು: ಬೇರೆಯವರನ್ನು ತೆಗೆದುಕೊಂಡಿದ್ದಾರೆ.

ಜೋಯಿಸರಮ್ಮನ ಮನೆಗೆ ಬಂದ ಇಬ್ಬರು ಕೆಂಪು ಚೌಕ ನೋಡಿ ವಾಪಸು ಹೋದರು. ಹೋಗುವಾಗ ಒಬ್ಬರು, "ಜೋಯಿಸ್ರಿಗೆ ಬೇಜಾರಾಗಿರ್ಬೇಕು" ಎಂದರು.

ನವೆಂಬರ್ ೨೩, ಭಾನುವಾರ

ಮಹಾಂತೇಶ್ ಫೋನ್ ಮಾಡಿದ್ದರು. ಮಗುವಿಗೆ ಗಿರಿಜಾ ಎಂದು ಹೆಸರಿಟ್ಟಾಯಿತಂತೆ. ಮುಂದಿನ ಶನಿವಾರ ಹೆಂಡತಿ ಮಗುವನ್ನು ಕರೆದುಕೊಂಡು ಬೇಲೂರು ಹಳೇಬೀಡು ನೋಡಲು ಬರುತ್ತಾರೆ. ಅರಸೀಕೆರೆಯಲ್ಲೇ ರೈಲಿಳಿಯುವುದು. "ಗುರುತಿನ ಚೀಟಿ ಬ್ಯಾಡ್ರಿ, ನಾನ ಖುದ್ದ ಬಂದು ಲಾಕ್ ತಗೀತೀನಿ. ಜೋಯಿಸರ ಪಾದ ಮುಟ್ಟಿಧಂಗೂ ಆಗತೈತಿ."

ಜೋಯಿಸರಮ್ಮನಿಗೆ ಹೇಳಿದೆ. ಅವರು ಅವರೆಕಾಳು ಹಿತುಕುತ್ತಿದ್ದರು. ಒಂದು ಕಾಳು ಜಾರಿ ನನ್ನ ಹಣೆಗೆ ಬಂದು ಬಡಿಯಿತು.

ಅಪ್ಪನನ್ನು ಒಂದು ದಿನದ ಮಟ್ಟಿಗೆ ಜೋಯಿಸನಾಗಲು ಕೇಳಿದರೆ ಹೇಗೆ ಎಂದಳು ಅವ್ವ. ಅಪ್ಪ ಪೇಪರ್ ಮಡಿಸಿದ ರೀತಿ ನೋಡಿ ಆ ಮಾತು ಅಲ್ಲಿಗೇ ಬಿಟ್ಟೆವು.

ನವೆಂಬರ್ ೨೯, ಶನಿವಾರ

ರೈಲು ತಡವಾಗಿ ಒಂಬತ್ತರ ಮೇಲೆ ಬಂತು. ನಾನೊಬ್ಬನೇ ಸ್ಟೇಷನ್ನಿಗೆ ಹೋಗಿದ್ದೆ. ಮನೆಯವರೆಗೆ ಬಂದಮೇಲೆ ಹೇಳುವುದಕ್ಕಿಂತ ಪ್ಲಾಟ್‌ಫಾರಮ್ಮಿನಲ್ಲೇ ಹೇಳಿದರೆ ವಾಸಿ, ಸಿಟ್ಟು ಬಂದರೆ ಅವರಿಗೆ ಮುಂದಿನ ರೈಲಾದರೂ ಇರುತ್ತದೆ ಅನ್ನಿಸಿತ್ತು. ಹಾಳೆಯಲ್ಲಿ ಬರೆದುಕೊಳ್ಳುವುದು ಮರೆತೇಹೋಗಿತ್ತು.

ಮಹಾಂತೇಶ್ ದಪ್ಪ ಮೀಸೆಯ ಎಳೆಯ ಮನುಷ್ಯ. "ಜೋಯಿಸರು ಮನ್ಯಾಗ ಅದಾರಲ್ರಿ?"

"ಅವರು ತೀರಿಕೊಂಡು ಮೂರು ವರ್ಷ ಆಯ್ತು ಸಾರ್."

"ಮತ್ತ ಫೋನಿನ್ಯಾಗ?"

ಕೆಮ್ಮಿದೆ. ಅದೇ ಗತ್ತಿನಲ್ಲಿ.

ಮಹಾಂತೇಶರ ಮೀಸೆ ಇಳಿಯಿತು. ಅವರ ಹೆಂಡತಿ ಮಾತ್ರ ಮಗುವನ್ನು ಹೆಗಲಿಗೆ ಹಾಕಿಕೊಂಡು, "ನಾ ಅಂದಿದ್ದಿಲ್ಲೇನ್ರಿ, ಅದು ಮುದುಕರ ಕೆಮ್ಮು ಅಲ್ಲ ಅಂತ" ಎಂದರು. ಮಹಾಂತೇಶ್ ಸ್ವಲ್ಪ ದೂರ ಹೋಗಿ ನೀರು ಕುಡಿದು ಬಂದರು. "ಹಂಗಾರ ಙ ಬಂದ್ರ ಗ ಅಂದವರು ಯಾರ್ರಿ?"

"ಅವರ ಮನೆಯವರು. ಎಲ್ಲಾ ಅವರೇ. ನಾನು ಬರೀ ಸ್ಪೀಕರು."

"ಆ ತಾಯಿ ಅದಾರೋ ಇಲ್ಲೋ? ಅದನ್ನರ ಖರೇ ಹೇಳಪಾ."

"ಇದಾರೆ ಸಾರ್. ಉಪ್ಪಿಟ್ಟು ಮಾಡಿ ಕಾಯ್ತಿದಾರೆ."

ಮನೆಯಲ್ಲಿ ಜೋಯಿಸರಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಶಿಕ್ಷೆಗೆ ಕಾದವರಂತೆ ಕಂಪ್ಯೂಟರ್ ಪಕ್ಕ ನಿಂತಿದ್ದರು. ಮಹಾಂತೇಶ್ ಮಗುವನ್ನು ಅವರ ಕೈಗೆ ಕೊಟ್ಟು ಕುರ್ಚಿ ಎಳೆದುಕೊಂಡು ಕೂತರು. ಲಾಕ್ ತೆಗೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ಒಂದು ಖಾಲಿ ಗೆರೆ ಬಂದು ನಿಂತಿತು: ಪರವಾನಗಿದಾರರ ಹೆಸರು.

"ಹಳೇ ಹೆಸರೇ ಇದ್ದರೆ ಆಗಲ್ವೇನಪ್ಪ?"

"ಆಗೂದಿಲ್ರಿ ಅಮ್ಮಾರ. ಇರೋರ ಹೆಸರು ಬೇಕ್ರಿ."

ಜೋಯಿಸರಮ್ಮ ಆ ಖಾಲಿ ಗೆರೆಯನ್ನು ನೋಡುತ್ತ ಕೂತರು. "ಹೆಸರು ಬದಲಾದ ಹಾಳೆ ಕಂಡ್ರೆ ಜವರಪ್ಪ ಮುಟ್ಟಲ್ಲ. ಆ ಹುಡುಗಿ ಮದುವೆ ನಿಂತುಹೋಗುತ್ತೆ" ಎಂದರು ನನ್ನ ಕಡೆ ತಿರುಗಿ. ನನಗೂ ಅದೇ ಭಯವಿತ್ತು. "ಇಲ್ಲದಿದ್ದರೆ ಹಾಳೆಯೇ ಇರಲ್ಲವಲ್ಲ ಅಮ್ಮ" ಎಂದೆ.

ಮಹಾಂತೇಶ್ ಗಡಿಯಾರ ನೋಡಿ, "ರಾಹುಕಾಲ ನಡದೈತ್ರಿ. ಹತ್ತೂವರಿ ತನಕಾ ತಡಿಯೋಣೇನ್ರಿ?" ಎಂದು ಕೇಳಿದರು.

ಮಗು ಆಕಳಿಸಿತು. ಜೋಯಿಸರಮ್ಮ ಅದರ ಬಾಯಿ ಮುಚ್ಚಿಕೊಳ್ಳುವವರೆಗೆ ನೋಡಿ, "ಬೇಡ. ರಾಹು ಇದುವರೆಗೆ ನನ್ನ ಹೆಸರು ಕೇಳಿಯೇ ಇಲ್ಲ. ಕೇಳಲಿ" ಎಂದರು.

ನಾನು ಟೈಪ್ ಮಾಡಲು ಕೈ ಚಾಚಿದೆ. "ಕೈ ತೆಗಿ" ಎಂದರು. ಮಗುವನ್ನು ನನಗೆ ಕೊಟ್ಟು ತಾವೇ ಒತ್ತಿದರು: ಎಚ್. ರಮಾಮಣಿ.

ಇಷ್ಟು ವರ್ಷ ಒಂದೇ ಗೋಡೆಯ ಈಚೆಗಿದ್ದವನು ನಾನು. ಆ ಹೆಸರನ್ನು ಇವತ್ತೇ ಮೊದಲು ನೋಡಿದ್ದು.

ಆಮೇಲೆ ಎಲ್ಲರೂ ಉಪ್ಪಿಟ್ಟು ತಿಂದೆವು. ಅವ್ವ ಬಂದಳು. ಮಗುವಿಗೆ ಬಿಸಿನೀರು ಬೇಕಾಯಿತು. "ರುದ್ರಮ್ಮ, ಒಳಗೆ ಸ್ವಲ್ಪ ಕಾಯಿಸಿಬಿಡಮ್ಮ" ಎಂದು ರಮಾಮಣಿ ಅಮ್ಮ ಕೂತಲ್ಲಿಂದಲೇ ಹೇಳಿದರು. ಅವ್ವ ಅಡುಗೆಮನೆಗೆ ಹೋಗಿ ಕಾಯಿಸಿಕೊಟ್ಟಳು. ಮನೆಗೆ ಬಂದಮೇಲೆ, "ಅವರ ಒಲೆ ನಮ್ಮದಕ್ಕಿಂತ ಗಲೀಜು ಕಣ್ರೀ" ಎಂದು ಅಪ್ಪನಿಗೆ ಎರಡು ಸಲ ಹೇಳಿದಳು. ಯಾಕೋ ಬಹಳ ಖುಷಿಯಲ್ಲಿದ್ದಳು.

ಡಿಸೆಂಬರ್ ೧, ಸೋಮವಾರ

ಜವರಪ್ಪ ಬಂದರು. ಪ್ರಿಂಟ್ ಬಂತು. ಗಣಕೂಟ ಚೆನ್ನಾಗಿದೆಯಂತೆ. ಜವರಪ್ಪ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಅಭ್ಯಾಸದಂತೆ ಅಡಿಯ ಸಾಲು ನೋಡಿದರು. ಮತ್ತೆ ನೋಡಿದರು.

"ಇದ್ಯಾರವ್ವ, ರಮಾಮಣಿ?"

"ನಾನೇ ಕಣಪ್ಪ."

ಜವರಪ್ಪ ಅವರನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಅಲ್ಲ, ನಿಮ್ಗೂ ಒಂದ್ ಹೆಸ್ರು ಐತಾ?" ಕೇಳಿದಮೇಲೆ ಅವರಿಗೇ ನಾಚಿಕೆಯಾಯಿತು. ಚೀಲದಿಂದ ಅವರೆಕಾಯಿ ತೆಗೆದು ಸುಮ್ಮನೆ ಮತ್ತೆ ಚೀಲಕ್ಕೆ ಹಾಕಿದರು. "ಕಂಪ್ಯೂಟ್ರು ಅದೇ ತಾನೆ?"

"ಅದೇ ಕಂಪ್ಯೂಟರು, ಅದೇ ಹೆಂಗಸು" ಎಂದರು ರಮಾಮಣಿ ಅಮ್ಮ.

"ನಂಗೇನೋ ಆಯ್ತದೆ ಕಣವ್ವ. ಗಂಗಯ್ಯ ಹಳೇ ಮುದುಕ, ಮೊದ್ಲು ಅಡೀನೇ ನೋಡೋದು. ಈ ನಿಮ್ ಹುಡುಗುನ್ನ ನನ್ ಜತೆ ಕಳ್ಸಿ. ಓದಿದೋನು, ಏನಾರ ಕೇಳುದ್ರೆ ಹೇಳ್ತಾನೆ."

ನನ್ನನ್ನು ಓದಿದವನೆಂದು ನಂಬುವವರು ಸಿಕ್ಕಿದ್ದೇ ಅಪರೂಪ, ಒಪ್ಪಿಕೊಂಡೆ. ಅಂಗಳದಲ್ಲಿ ರಮಾಮಣಿ ಅಮ್ಮನನ್ನು ಕೇಳಿದೆ: "ನಿಜ ಹೇಳಬಹುದಾ?"

ಅವರು ತುಳಸಿಗೆ ನೀರು ಹಾಕಿ ಮುಗಿಸುವವರೆಗೂ ಯೋಚಿಸಿದರು. "ಕೇಳಿದರೆ ಹೇಳು. ಕೇಳದೆ ಹೇಳಬೇಡ."

ಡಿಸೆಂಬರ್ ೩, ಬುಧವಾರ

ಹಳೇಬೀಡಿನಲ್ಲಿ ಗಂಗಯ್ಯನವರ ಮನೆ ಕೆರೆಯ ಕಡೆಗಿದೆ. ಅವರ ದೊಡ್ಡ ಮೊಮ್ಮಗನ ಮದುವೆಗೂ ಜಾತಕ ನೋಡಿಸಿದ್ದು ಇಲ್ಲೇ ಎಂದು ಜವರಪ್ಪ ದಾರಿಯಲ್ಲಿ ಹೇಳಿದ್ದರು. ಎಲೆ ಅಡಿಕೆ ತಟ್ಟೆಯಲ್ಲಿ ಇಟ್ಟು ತಯಾರಾಗಿತ್ತು. ಅವರು ಕನ್ನಡಕ ಹಾಕಿಕೊಂಡು ಹಾಳೆಯ ಅಡಿಯನ್ನೇ ಮೊದಲು ಓದಿದರು.

"ಜೋಯಿಸ್ರ ಹೆಸ್ರೆಲ್ಲಿ?"

ಜವರಪ್ಪ ನನ್ನ ಬೆನ್ನಿನ ಹಿಂದೆ ಸರಿದರು.

"ಹೆಂಗ್ಸು ನೋಡಿದ ಜಾತ್ಕವ ನಂಬಿ ಮದ್ವೆ ಮಾಡ್ಲಾ? ಕಂಪ್ಯೂಟ್ರಲ್ಲಿ ಜೋಯಿಸ್ರು ಇದ್ರು, ಅವರ್ನೂ ತೆಗುದ್ಬುಟ್ರಾ?" ತಟ್ಟೆಯನ್ನು ಆಚೆಗೆ ತಳ್ಳಿದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗನ ಮುಖ ಬಾಡಿತು.

"ನಿಮ್ಮ ದೊಡ್ಡ ಮೊಮ್ಮಗನ ಮದುವೆಗೆ ಯಾರು ನೋಡಿದ್ರು ತಾತ?" ಎಂದೆ.

"ಇನ್ಯಾರು, ನಾಣಿ ಜೋಯಿಸ್ರೇ."

"ಮೊಮ್ಮಗನ ಸಂಸಾರ ಹೇಗಿದೆ?"

"ಎಲ್ಡು ಮಕ್ಳು. ಗಂಡ ಹೆಂಡ್ತಿ ಜಗಳ ಆಡದ್ನೇ ಮರ್ತವರೆ."

"ಅದನ್ನ ನೋಡಿದ್ದೂ ಇವರೇ. ಜೋಯಿಸರು ಹೇಳಿದ್ದು, ಬಾಗಿಲ ಹಿಂದೆ ಲೆಕ್ಕ ಹಾಕಿ ಕೊಟ್ಟಿದ್ದು ರಮಾಮಣಿ ಅಮ್ಮ. ನೀವು ನಂಬಿದ್ದು ಇವರನ್ನೇ ತಾತ, ಹೆಸರು ಮಾತ್ರ ಈಗ ಗೊತ್ತಾಗಿದೆ."

ಗಂಗಯ್ಯ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಆಮೇಲೆ ಒಳಗಿನ ಬಾಗಿಲ ಕಡೆ ನೋಡಿದರು. ಅದರ ಹಿಂದೆ ಬಳೆಯ ಸದ್ದಾಯಿತು. "ಕೇಳುಸ್ತೇನೇ?" ಎಂದರು.

"ಕೇಳುಸ್ತು" ಎಂದಿತು ಅಜ್ಜಿಯ ದನಿ. "ನಿಮ್ ಯವಾರದ ಬುದ್ಧಿ ಎಲ್ಲಾ ಎಲ್ಲಿಂದ ಬಂತು ಅಂತ ಆ ಹುಡ್ಗುಂಗೂ ಹೇಳ್ಬುಡಿ."

ಎಲ್ಲರೂ ನಕ್ಕರು. ಗಂಗಯ್ಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಆಯಮ್ಮುನ್ ಹೆಸ್ರು ಇನ್ನೊಂದ್ಸಲ ಹೇಳಪ್ಪ. ಮೊಮ್ಮಗಳ್ದೂ ನೋಡುಸ್ಬೇಕು."

ಸಂಜೆ ರಮಾಮಣಿ ಅಮ್ಮನಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ. "ಹೆಸರು ಸರಿಯಾಗಿ ಹೇಳಿದ್ರಾ?"

"ರಾಮಮಣಿ ಅಂದ್ರು."

"ಹೋಗಲಿ, ಹೊಸದಲ್ವಾ. ನಾಲಿಗೆ ತಿರುಗುತ್ತೆ" ಎಂದು ಲೋಟ ತರಲು ಒಳಗೆ ಹೋದರು.

ಬರುವಾಗ ಬಸ್ಸಿನಲ್ಲಿ ಇವತ್ತೂ ರಶ್ಶು. ರೈಲ್ವೆ ಗೇಟಿನ ಹತ್ತಿರ ನಿಲ್ಲಿಸಲು ಹೇಳಿದರೆ ಕಂಡಕ್ಟರು, "ಕೂಗ್ಬೇಡಿ ಸಾರ್, ಕಿವಿ ಕೇಳುತ್ತೆ" ಎಂದ. ಎಂಥ ಒರಟು ಜನ. ನಾಳೆ ಅರೇಹಳ್ಳಿ ಕಾಲೇಜಿಗೆ ಫೋನ್ ಮಾಡಿ ಕೆಲಸ ಖಾಲಿ ಇದೆಯೇ ಎಂದು ಕೇಳಬೇಕು. ಬೇರೆ ವಿಶೇಷವೇನಿಲ್ಲ.